ಇಪ್ಪತ್ತು ನಿಮಿಷದ ಅಗಲಿಕೆ

ಮಹಾಲಿಂಗಪ್ಪನವರಿಗೆ ಬಲಗೈ ಕೆಟ್ಟಿದ್ದರೆ ಇಷ್ಟು ದುಃಖವಾಗುತ್ತಿರಲಿಲ್ಲವೇನೋ. ಊಟಕ್ಕೆ, ಬರಹಕ್ಕೆ, ಯಲಹಂಕದ ಕಾಲೇಜಿನ ಉಗ್ರಾಣದಲ್ಲಿ ಸಾಮಾನು ಎತ್ತಿಡುವುದಕ್ಕೆ ಹೇಗೋ ಒಂದು ದಾರಿ ಸಿಗುತ್ತಿತ್ತು. ಎಡಗೈಗೆ ಇದ್ದದ್ದು ಒಂದೇ ಕೆಲಸ. ಎಂಟನೆಯ ವಯಸ್ಸಿನಲ್ಲಿ ಗುರುಗಳು ಕೊರಳಿಗೆ ಲಿಂಗ ಕಟ್ಟಿದ ದಿನದಿಂದ ಅವರು ಬೆಳಗ್ಗೆ ಮಿಂದು, ಬೆಳ್ಳಿಯ ಕರಡಿಗೆ ತೆರೆದು, ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಕಣ್ಣಿನ ನೇರಕ್ಕೆ ಎತ್ತಿ ಹಿಡಿದು ನೋಡುತ್ತ ಕೂರುತ್ತಿದ್ದರು. ನಲವತ್ತೇಳು ವರ್ಷ ಹೀಗೇ ನಡೆದಿತ್ತು. ಜ್ವರ ಬಂದ ದಿನವೂ ಆ ಕೈ ಇಳಿದಿರಲಿಲ್ಲ.

ಯುಗಾದಿಯ ಹಿಂದಿನ ವಾರ ಉಗ್ರಾಣದಲ್ಲಿ ಏಣಿ ಜಾರಿತು. ಕಪಾಟಿನ ಅಂಚನ್ನು ಎಡಗೈಯಲ್ಲಿ ಹಿಡಿದು ಜೋತುಬಿದ್ದರು. ಭುಜದೊಳಗೆ ಹಳೇ ಪಂಚೆ ಹರಿದಂಥ ಸದ್ದಾಯಿತು.

ಹೆಬ್ಬಾಳದ ಡಾಕ್ಟರಮ್ಮ ಮೊದಲು ಅಲ್ಟ್ರಾಸೌಂಡ್ ಮಾಡಿಸಿದರು. ಭುಜಕ್ಕೆ ತಣ್ಣನೆಯ ಜೆಲ್ ಬಳಿದು ಸಣ್ಣ ಉಪಕರಣವೊಂದನ್ನು ಆಡಿಸಿದಾಗ ಪರದೆಯ ಮೇಲೆ ಕಪ್ಪು ಬಿರುಕು ಕಂಡಿತು. "ಮಾಂಸಖಂಡನ ಮೂಳೆಗೆ ಕಟ್ಟಿರೋ ಹಗ್ಗ ಇದು, ಹರಿದಿದೆ. ಎಷ್ಟು ಹಿಂದಕ್ಕೆ ಸರಿದಿದೆ, ಖಂಡ ಹೇಗಿದೆ ಅಂತ ಎಂಆರ್‌ಐನಲ್ಲಿ ಸರಿಯಾಗಿ ಗೊತ್ತಾಗುತ್ತೆ. ತಡ ಮಾಡ್ಬೇಡಿ, ಹೊಲಿದುಬಿಡೋಣ" ಎಂದಿದ್ದರು.

ಮರುದಿನ ಮಹಾಲಿಂಗಪ್ಪನವರು ಒಬ್ಬರೇ ಸ್ಕ್ಯಾನಿಂಗ್ ಸೆಂಟರಿಗೆ ಹೋದರು. ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕು ಎಂದರು ಅಲ್ಲಿಯವರು. ಗಡಿಯಾರ ಬಿಚ್ಚಿದರು, ಬೆಲ್ಟು ಬಿಚ್ಚಿದರು. ಕೊರಳಿನ ಕರಡಿಗೆಗೆ ಬೆರಳು ತಾಗಿದಾಗ ಅಲ್ಲೇ ನಿಂತರು. ಉಸಿರಿರುವ ತನಕ ಇದು ಮೈ ಬಿಡಬಾರದು ಎಂದು ಗುರುಗಳು ಕಿವಿಯಲ್ಲಿ ಹೇಳಿದ್ದರು. "ನಾಳೆ ಬರ್ತೀನ್ರಿ" ಎಂದು ಗಡಿಯಾರ ಕಟ್ಟಿಕೊಂಡು ಹೊರಟುಬಂದರು. ಅಲ್ಲಾಳಸಂದ್ರದ ಮನೆಯಲ್ಲಿ ಹೆಂಡತಿ ಈರವ್ವ ಕೇಳಿದಾಗ, "ಎಲ್ಲಾ ಆತು. ಬರೇ ಉಳುಕಂತ. ಎಣ್ಣಿ ಹಚ್ಚಿದ್ರ ಸಾಕಂತ" ಎಂದರು.

ಆಕೆ ನಂಬಿದಳು. ದಿನವೂ ಸಂಜೆ ಎಣ್ಣೆ ಬಿಸಿಮಾಡಿ ಭುಜಕ್ಕೆ ತಿಕ್ಕಿದಳು. ಪೂಜೆಯಲ್ಲಿ ಅವರ ಎಡಗೈ ಕಣ್ಣಿನ ಮಟ್ಟದಿಂದ ಗದ್ದಕ್ಕಿಳಿಯಿತು, ಗದ್ದದಿಂದ ಎದೆಗೆ, ಕೊನೆಗೆ ಎದೆಯ ಮಟ್ಟಕ್ಕೂ ಏರದಾಯಿತು. ಕಾರ್ತಿಕ ಮುಗಿದ ವಾರ ಈರವ್ವನೇ ಹಟ ಹಿಡಿದು ಡಾಕ್ಟರಮ್ಮನ ಹತ್ತಿರ ಕರೆತಂದಳು.

ಡಾಕ್ಟರಮ್ಮ ಕಾಗದ ಮಗುಚಿದರು. "ಅವತ್ತು ಬರೆದುಕೊಟ್ಟ ಎಂಆರ್‌ಐ ಮಾಡಿಸಲೇ ಇಲ್ವಲ್ಲ?"

ಈರವ್ವ ಗಂಡನ ಮುಖ ನೋಡಿದಳು. ಅವರು ನೆಲ ನೋಡಿದರು. ಡಾಕ್ಟರಮ್ಮ ಮತ್ತೆ ಬರೆದುಕೊಟ್ಟ ಚೀಟಿ ಹಿಡಿದು ಇಬ್ಬರೂ ಆಟೋದಲ್ಲಿ ಸ್ಕ್ಯಾನಿಂಗ್ ಸೆಂಟರಿಗೆ ಹೋದರು.

ಅಲ್ಲಿ ಮೋನಿಷಾ ಎಂಬ ಹುಡುಗಿ ಸ್ಕ್ಯಾನಿಗೆ ಸಿದ್ಧಮಾಡುತ್ತಿದ್ದಳು. "ಅಂಕಲ್, ಕತ್ತಲ್ಲಿರೋ ಡಬ್ಬಿ ಏನು? ಅದೂ ತೆಗೀಬೇಕು."

"ಡಬ್ಬಿ ಅಲ್ಲವ್ವ. ಲಿಂಗ." ಮಹಾಲಿಂಗಪ್ಪನವರು ಕರಡಿಗೆಯ ಮುಚ್ಚಳ ತೆರೆದು ತೋರಿಸಿದರು.

"ಬೆಳ್ಳಿ ಬಿಟ್ಟು ಬರೇ ಲಿಂಗ ಅರಿವ್ಯಾಗ ಕಟ್ಟಿಕೊಂಡ್ರ ಆಗೂದಿಲ್ಲೇನವ್ವ?" ಎಂದಳು ಈರವ್ವ.

"ಆಂಟಿ, ಲಿಂಗದ ಮೇಲೆ ಕಪ್ಪಗೆ ಬಳಿದಿದಾರಲ್ಲ, ಅದರೊಳಗೆ ಏನಿದೆ ಅಂತ ನಂಗೆ ಗೊತ್ತಿಲ್ಲ. ಆ ರೂಮಲ್ಲಿರೋ ಯಂತ್ರ ದೊಡ್ಡ ಅಯಸ್ಕಾಂತ. ಗೊತ್ತಿಲ್ಲದ್ದನ್ನ ಬಿಡೋ ಹಾಗಿಲ್ಲ. ಇಪ್ಪತ್ತೇ ನಿಮಿಷ."

ಪಕ್ಕದಲ್ಲಿ ಮಂಡಿಯ ಸ್ಕ್ಯಾನ್ ಮುಗಿಸಿ ಕೂತಿದ್ದ ಅಮೃತಹಳ್ಳಿಯ ಮುನಿಕೆಂಪಮ್ಮ ಬಾಯಿ ಹಾಕಿದರು. "ಬಿಚ್ಚಪ್ಪಾ. ನಂದು ತಾಳೀನೇ ಬಿಚ್ಚಿಸ್ಬುಟ್ಳು ಈ ಮಗ. ಎದೆ ಒಡೆದೋಯ್ತು ನಂಗೆ. ಒರಗೆ ಬಂದ್ ನೋಡಿದ್ರೆ ನಮ್ಮೆಜಮಾನ ಇಂಗೆ ಕಾಲ್ಮೇಲ್ ಕಾಲಾಕ್ಕೊಂಡು ಟೀ ಕುಡೀತಾವ್ನೆ."

ಮೋನಿಷಾ ನಕ್ಕಳು. ಮಹಾಲಿಂಗಪ್ಪನವರ ತುಟಿಯೂ ಸ್ವಲ್ಪ ಸಡಿಲವಾಯಿತು. ಈರವ್ವ ನಗಲಿಲ್ಲ.

"ಎಂಟು ತಿಂಗಳು ನನ್ನ ಕೈಲೆ ತಿಕ್ಕಿಸಿಕೊಂಡ್ರಿ" ಎಂದಳು ತಗ್ಗಿದ ದನಿಯಲ್ಲಿ. "ನಾ ಸುಳ್ಳಿಗೆ ಎಣ್ಣಿ ಹಚ್ಚಕೋಂತ ಬಂದೆ."

"ತಪ್ಪಾತು."

"ಗುರುಗಳು ಕೊರಳಿಗಷ್ಟೇ ಕಟ್ಟಿದ್ರೇನ್ರಿ? ಕೈಯಾಗೂ ಕೊಟ್ಟಿದ್ರಲ್ಲ."

ಅವರು ಕತ್ತು ಮುಂದೆ ಬಾಗಿಸಿದರು. ಒಂದೇ ಕೈಯಲ್ಲಿ ಶಿವದಾರದ ಗಂಟು ಬಿಚ್ಚಲು ಅವರಿಗೆ ಆಗದ್ದರಿಂದ ಈರವ್ವನೇ ಬಿಚ್ಚಿದಳು. "ಚೀಲದಾಗ ಇಡಬ್ಯಾಡ" ಎಂದರು. ಆಕೆ ಎಲ್ಲಿಯೂ ಇಡಲಿಲ್ಲ. ಎರಡೂ ಅಂಗೈ ಕೂಡಿಸಿ ಹಿಡಿದು, ಗೋಡೆಗೆ ಬೆನ್ನುಕೊಟ್ಟು ನಿಂತಳು. ಮುನಿಕೆಂಪಮ್ಮ ಕುರ್ಚಿ ಸರಿಸಿಕೊಟ್ಟರೂ ಕೂರಲಿಲ್ಲ.

ಒಳಗೆ ಯಂತ್ರ ಅವರನ್ನು ಕೊಳವೆಯೊಳಕ್ಕೆ ಎಳೆದುಕೊಂಡು, ಕಲ್ಲುಕುಟಿಗರ ಸುತ್ತಿಗೆಯಂತೆ ಬಡಿಯತೊಡಗಿತು. ಅಲುಗಾಡಬೇಡಿ ಎಂದಿದ್ದಳು ಮೋನಿಷಾ. ಪಂಚಾಕ್ಷರಿ ಹಿಡಿದರು, ಬಡಿತಕ್ಕೆ ಲೆಕ್ಕ ತಪ್ಪಿತು. ಮತ್ತೆ ಹಿಡಿದರು, ಮತ್ತೆ ತಪ್ಪಿತು. ಎದೆಯ ನಡುವೆ, ಕರಡಿಗೆ ಕೂತು ಕೂತು ಚರ್ಮ ನುಣುಪಾದ ಜಾಗಕ್ಕೆ ತಣ್ಣನೆ ಗಾಳಿ ತಾಗುತ್ತಿತ್ತು. ಕಣ್ಣೀರು ಇಳಿದು ಕಿವಿಯೊಳಗೆ ಹೋಯಿತು. ಅಲುಗಾಡಬಾರದೆಂದು ಅದನ್ನೂ ಒರೆಸಿಕೊಳ್ಳಲಿಲ್ಲ.

ಸಂಜೆ ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ಚಿತ್ರ ತೆರೆದರು. ಎಡ ಭುಜ, ಒಂದರ ಹಿಂದೊಂದು ತೆಳು ಹೋಳಾಗಿ. ಶಿವನು ಮಾಡಿದ ಮೈಯನ್ನು ಹೀಗೆ ಹಾಳೆ ಹಾಳೆಯಾಗಿ ನೋಡಬಹುದೆಂದು ಮಹಾಲಿಂಗಪ್ಪನವರು ಎಣಿಸಿರಲಿಲ್ಲ. ಮೂಳೆಯ ತಲೆ, ಅದರ ಮೇಲೆ ಖಾಲಿ ಜಾಗ.

"ಹಗ್ಗ ತುಂಬಾ ಒಳಕ್ಕೆ ಸರಿದುಹೋಗಿದೆ. ಎಳೆದು ತಂದು ಹೊಲಿಯೋಕೆ ತುದಿ ಸಿಗಲ್ಲ. ಇಲ್ಲಿ ಬೆಳ್ಳಗೆ ಕಾಣ್ತಿದೆಯಲ್ಲ, ಮಾಂಸಖಂಡ ಸೊರಗಿ ಕೊಬ್ಬಾಗಿಬಿಟ್ಟಿದೆ. ಅದು ಮತ್ತೆ ಖಂಡ ಆಗಲ್ಲ. ನೋವು ಕಮ್ಮಿಯಾಗೋಕೆ ವ್ಯಾಯಾಮ ಹೇಳಿಕೊಡ್ತೀನಿ. ಕೈ ಮೇಲೆ ಹೋಗುತ್ತೆ ಅಂತ ಮಾತ್ರ ಹೇಳಲಾರೆ."

"ಅವತ್ತೇ ಮಾಡಿಸಿದ್ರ ಕೈ ಉಳೀತಿತ್ತೇನು, ಡಾಕ್ಟರವ್ವ?"

ಡಾಕ್ಟರಮ್ಮ ಪರದೆಯ ಚಿತ್ರ ಮುಚ್ಚಿದರು. "ಅವತ್ತಿನ ಎಂಆರ್‌ಐ ಇಲ್ವಲ್ಲ, ಮಹಾಲಿಂಗಪ್ಪನವರೇ. ಹೇಗಿತ್ತು ಅಂತ ನಾನು ಹೇಗೆ ಹೇಳ್ಲಿ?"

ಗೊತ್ತಿಲ್ಲದೆ ಹಾಗೆಂದರೋ, ಗೊತ್ತಿದ್ದೂ ಕರುಣೆಯಿಂದ ಅಂದರೋ, ದಂಪತಿಗಳಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಮರುದಿನ ಈರವ್ವ ಬೇಗ ಎದ್ದು ತನ್ನ ಲಿಂಗಪೂಜೆಯನ್ನು ಮೊದಲೇ ಮುಗಿಸಿದಳು. ಇಷ್ಟು ವರ್ಷ ಇಬ್ಬರೂ ಒಟ್ಟಿಗೇ ಕೂರುತ್ತಿದ್ದರು. ಅಂಗೈಯಲ್ಲಿ ತನ್ನ ಲಿಂಗವಿದ್ದರೆ ಇನ್ನೊಬ್ಬರ ಕೈಗೆ ಆಸರೆ ಕೊಡಲಾಗುವುದಿಲ್ಲ. ಮಹಾಲಿಂಗಪ್ಪನವರು ಮಣೆಯ ಮೇಲೆ ಕೂತು ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡರು. ಕೈ ತೊಡೆಯ ಮೇಲೆಯೇ ಇತ್ತು. ಆಕೆ ಪಕ್ಕದಲ್ಲಿ ಕೂತು ಅವರ ಮೊಣಕೈ ಕೆಳಗೆ ಕೈಯಿಟ್ಟು ಮೆಲ್ಲಗೆ ಎತ್ತಿದಳು.

ಎದೆಯ ಹತ್ತಿರ ಬಂದಾಗ ಅವರ ಉಸಿರು ಸಿಕ್ಕಿಕೊಂಡಿತು.

"ಇನ್ನೂ ಎತ್ತಲೇನ್ರಿ?"

"ಬ್ಯಾಡ. ಇಲ್ಲೇ ಇರ್ಲಿ."

ಕತ್ತು ಬಗ್ಗಿಸಿ ನೋಡಿದರು. ಕಣ್ಣು ಮಂಜಾಗಿ ಏನೂ ಸರಿಯಾಗಿ ಕಾಣಲಿಲ್ಲ. ಆಕೆಯ ಕೈ ಭಾರಕ್ಕೆ ಸೋಲುವ ಮೊದಲೇ, ಎಂದಿಗಿಂತ ಬೇಗ, ಪೂಜೆ ಮುಗಿಸಿಬಿಟ್ಟರು.