ಪಾರೆಮೂಲೆ ಮಿಡಿಗೊಂದು ಹ್ಯಾಶ್‌ಟ್ಯಾಗ್

ಒಂದು ಮರ ಬಿದ್ದರೆ ಮನೆಯವರು ಅಳುತ್ತಾರಾ ಎಂದು ಕೇಳಬೇಡಿ. ನಮ್ಮ ಕಡೆ ಅಳುತ್ತಾರೆ. ಅದೂ ಉಪ್ಪಿನಕಾಯಿ ಮಿಡಿಯ ಮರವಾದರೆ ಕೇಳುವುದೇ ಬೇಡ.

ನೆಲ್ಯಾಡಿ ಬದಿಯ ಪಾರೆಮೂಲೆ ಮನೆಯಲ್ಲಿ, ಬಾವಿಕಟ್ಟೆಯ ಪಕ್ಕ, ಒಂದು ಕಾಟುಮಾವಿನ, ಅಂದರೆ ಕಾಡುಮಾವಿನ, ಮರವಿತ್ತು. ಮಿಡಿ ಮುರಿದರೆ ಜೀರಿಗೆಯ ಪರಿಮಳ. ಮನೆಯ ಹಿರಿಯರಾದ ದಮಯಂತಿ ಅಜ್ಜಿ ಮದುವೆಯಾಗಿ ಬರುವಾಗ ಅವರ ಅಮ್ಮ ಕೈಯಲ್ಲಿ ಕೊಟ್ಟು ಕಳುಹಿಸಿದ ಗಿಡ ಅದು. ಈ ಸಲ ಮಳೆಗೆ ಮೊದಲು ಬೀಸಿದ ಗಾಳಿಗೆ ಬುಡಸಮೇತ ಮಗುಚಿತು. ಗಡಿಬಿಡಿಯಲ್ಲಿ ಮರವನ್ನು ತುಂಡು ಮಾಡಿ ಬದಿಗೆ ಹಾಕಿದರು. ಕಸಿಗೆಂದು ಒಂದು ಕಡ್ಡಿ ತೆಗೆದಿಡಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆಯುವಾಗ ಕೊಂಬೆಗಳೆಲ್ಲ ಒಣಗಿ ಹೋಗಿದ್ದವು.

ಆಮೇಲೆ ಅಜ್ಜಿಗೆ ಊಟ ಸೇರದಾಯಿತು. ಗಂಜಿಯ ಬಟ್ಟಲಿನ ಮುಂದೆ ಕೂತು ಬಾವಿಕಟ್ಟೆಯ ಕಡೆಗೇ ನೋಡುತ್ತಿದ್ದರು.

"ನನ್ನ ಅಮ್ಮನ ಕೈಯದ್ದು ಅಂತ ಉಳಿದದ್ದು ಅದೊಂದೇ ರಾಜೀವಿ. ಕಣ್ಣು ಮುಚ್ಚುವ ಮೊದಲು ಅದರ ಒಂದು ಚಿಗುರು ನೋಡ್ಬೇಕು ನನಗೆ."

ಸೊಸೆ ರಾಜೀವಿಯಕ್ಕ ಗಂಜಿಯ ಬಟ್ಟಲು ಎತ್ತಿಡುತ್ತಾ ಯೋಚಿಸಿದರು. ಮಾವ ಇದ್ದಾಗ ಕೇಳಿದವರಿಗೆಲ್ಲ ಆ ಮರದ ಕಸಿಕಡ್ಡಿ ಕೊಟ್ಟಿದ್ದರು. ಎಲ್ಲಾದರೂ ಒಂದು ಮರ ಬದುಕಿರಲೇಬೇಕು. ಆದರೆ ಎಲ್ಲಿ? ನಮ್ಮಲ್ಲಿ ಕಡ್ಡಿ ಕೊಡುವುದೆಂದರೆ ಬಂದವರಿಗೆ ನೀರು ಬೆಲ್ಲ ಕೊಟ್ಟ ಹಾಗೆ. ಯಾರಿಗೆ ಕೊಟ್ಟೆವೆಂದು ಯಾರು ನೆನಪಿಡುತ್ತಾರೆ?

ರಾಜೀವಿಯಕ್ಕ ಮರದ ಹಳೆಯ ಫೋಟೋ ಒಂದನ್ನು ಫೇಸ್‌ಬುಕ್ಕಿಗೆ ಹಾಕಿದರು. ಬೇರೆಯವರು ಹಾಕುವುದನ್ನು ನೋಡಿ ಕೆಳಗೆ ಸಾಲಾಗಿ ಹ್ಯಾಶ್‌ಟ್ಯಾಗನ್ನೂ ಹಾಕಿದರು. ಪರಿಚಯದವರೆಲ್ಲ ಹಾರ್ಟ್ ಒತ್ತಿದರು. ಒಬ್ಬರು 'ಸೂಪರ್' ಎಂದು ಬರೆದರು. ಮರ ಬಿದ್ದದ್ದಕ್ಕೆ ಸೂಪರ್ ಅಂತೆ!

ಊರಿನ ಮಹಿಳಾ ಸಂಘದ ಮೀಟಿಂಗಿಗೆ ಕರೆಯಲು ಪಕ್ಕದ ರಬ್ಬರ್ ತೋಟದ ಸಿನಿ ಬಂದಾಗ ಅಕ್ಕನಿಗೆ ತಲೆ ಕೆಟ್ಟಿತ್ತು. ನಮ್ಮ ಸಂಘದ ಫೋಟೋಗಳನ್ನೆಲ್ಲ ಫೇಸ್‌ಬುಕ್ಕಿಗೆ ಹಾಕುವವಳು ಈ ಸಿನಿಯೇ.

"ನಿನ್ನ ಹ್ಯಾಶ್‌ಟ್ಯಾಗ್ ಗೀಶ್‌ಟ್ಯಾಗ್ ಎಲ್ಲ ಬರೀ ಶೋಕಿ ಮಾರಾಯ್ತಿ. ನೋಡು, ಎಷ್ಟು ಹಾಕಿದ್ದೇನೆ. ಎಂತ ಪ್ರಯೋಜನ?"

ಸಿನಿ ಫೋನ್ ಇಸಿದುಕೊಂಡು ನೋಡಿದಳು. #ವೈರಲ್ #ಟ್ರೆಂಡಿಂಗ್ #ಗುಡ್‌ಮಾರ್ನಿಂಗ್ #ಬಾವಿಕಟ್ಟೆಮಾವು.

"ಗುಡ್‌ಮಾರ್ನಿಂಗ್ ಯಾಕೆ ಅಕ್ಕ?"

"ಬೆಳಿಗ್ಗೆ ಹಾಕಿದ್ದಲ್ವಾ?"

ಸಿನಿಗೆ ನಗು ತಡೆಯಲಿಲ್ಲ. ಅಕ್ಕನಿಗೂ ನಗು ಬಂತು. ಎಷ್ಟೋ ದಿನಗಳ ನಂತರ ಆ ಜಗಲಿಯಲ್ಲಿ ಕೇಳಿದ ನಗು ಅದು.

"ನಿಮ್ಮ ಅಟ್ಟದಲ್ಲಿ ಉಪ್ಪಿನಕಾಯಿ ಭರಣಿಗಳುಂಟಲ್ಲ ಅಕ್ಕ, ಚೀಟಿ ಅಂಟಿಸಿದ್ದು? ಒಂದರಲ್ಲಿ ಮಿಡಿ, ಒಂದರಲ್ಲಿ ನೆಲ್ಲಿ. ಹ್ಯಾಶ್‌ಟ್ಯಾಗ್ ಅಂದ್ರೆ ಆ ಚೀಟಿ, ಅಷ್ಟೇ. ಈ # ಗುರುತು ಹಾಕಿ ಒಂದು ಹೆಸರು ಬರೆದ್ರೆ, ಅದೇ ಹೆಸರು ಬರೆದು ಎಲ್ಲರಿಗೂ ಕಾಣುವ ಹಾಗೆ ಹಾಕಿದ ಪೋಸ್ಟುಗಳು ಒಂದೇ ಕಡೆ ಸಿಗ್ತವೆ. ಬೇಕಾದವರು ಆ ಹೆಸರು ಹುಡುಕಿ ಬರ್ತಾರೆ. ಗುಡ್‌ಮಾರ್ನಿಂಗ್ ಅಂತ ಚೀಟಿ ಹಚ್ಚಿದ ಭರಣಿಯಲ್ಲಿ ಮಿಡಿ ಹುಡುಕುವವರು ಯಾರು ಹೇಳಿ?"

"ಬಾವಿಕಟ್ಟೆಮಾವು ಅಂತ ಸರಿಯಾಗಿಯೇ ಹಾಕಿದ್ದೇನಲ್ಲ!"

"ಹಾಗೆ ಕರೆಯುದು ನೀವು ಮಾತ್ರ ಅಲ್ವಾ? ಕಡ್ಡಿ ಕೊಂಡುಹೋದವರು ಎಂತ ಕರೀತಾರೆ?"

 ಆಗ ಒಳಗಿನಿಂದ ಅಜ್ಜಿಯ ದನಿ ಬಂತು.

"ಅವರಿಗೆ ಅದು ಪಾರೆಮೂಲೆ ಮಿಡಿ ಮಗಳೇ. ಕಡ್ಡಿ ಯಾವ ಮನೆಯದ್ದೋ, ಆ ಮನೆಯ ಹೆಸರೇ ಮರಕ್ಕೆ. ಮೊದಲಿಂದಲೂ ಹಾಗೆಯೇ ಅಲ್ವಾ?"

"ಅದೇ ಅಜ್ಜಿ, ನಮಗೆ ಬೇಕಾದ ಚೀಟಿ ಅದೇ!" ಎಂದು ಸಿನಿ ಎದ್ದೇ ನಿಂತಳು.

ಮೊದಲು ಹಾಕಬೇಕೆಂದಿದ್ದ ಹೆಸರುಗಳನ್ನು ಒಂದೊಂದಾಗಿ ಫೇಸ್‌ಬುಕ್ಕಿನಲ್ಲಿ ಹುಡುಕಿ ನೋಡಿದಳು. ಬೇಡದ ವಿಷಯಕ್ಕೆ ಬಳಸುವ ಹ್ಯಾಶ್‌ಟ್ಯಾಗ್ ಆದರೆ ನಮ್ಮ ಪೋಸ್ಟೂ ಅದರ ನಡುವೆ ಹೋಗಿ ಕೂರುತ್ತದೆ. ಆಮೇಲೆ ಬರೆದಳು: #ಪಾರೆಮೂಲೆಮಿಡಿ #ಕಾಟುಮಾವು #ನೆಲ್ಯಾಡಿ #ಸುಳ್ಯ #ಪುತ್ತೂರು.

"ಪದಗಳ ನಡುವೆ ಜಾಗ ಬಿಡ್ಬಾರದು ಅಕ್ಕ, ಬಿಟ್ರೆ ಅಲ್ಲಿಗೇ ತುಂಡಾಗ್ತದೆ. ಮತ್ತೆ, ನಿಮ್ಮ ಪೋಸ್ಟು ಪರಿಚಯದವರಿಗೆ ಮಾತ್ರ ಕಾಣುದು. ಅಟ್ಟಕ್ಕೆ ಬೀಗ ಹಾಕಿ ಚೀಟಿ ಅಂಟಿಸಿದ ಹಾಗೆ ಅದು. ಇದೊಂದನ್ನು ಪಬ್ಲಿಕ್ ಮಾಡುವ."

"ಅಯ್ಯೋ, ಊರಿಗೆಲ್ಲ ಕಾಣ್ತದಲ್ಲ!"

"ಕಾಣ್ಬೇಕು. ಅದಕ್ಕೇ ಫೋನ್ ನಂಬರ್ ಹಾಕುದು ಬೇಡ. ಸಮನ್ವಿತಾಳ ಮುಖವೂ ಬೇಡ." ಅಜ್ಜಿಯ ಮೊಮ್ಮಗಳು ಉಯ್ಯಾಲೆಯಲ್ಲಿ ಕೂತಿದ್ದ ಬದಿಯನ್ನು ಸಿನಿ ಫೋಟೋದಿಂದ ಕತ್ತರಿಸಿದಳು.

ಮಳೆ ಶುರುವಾಯಿತು. ಕಸಿ ಕಟ್ಟುವ ಹೊತ್ತು ಇದೇ, ತಪ್ಪಿದರೆ ಇನ್ನು ಬರುವ ವರ್ಷ. ಬರುವ ವರ್ಷದವರೆಗೆ ಅಜ್ಜಿ? ಆ ಮಾತನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಅಕ್ಕ ಮಾತ್ರ ಒಲೆಗೆ ಬೆಂಕಿ ಹಾಕುವಾಗಲೂ ಫೋನ್ ನೋಡುತ್ತಿದ್ದರು, ನೋಡಿ ಕೆಳಗಿಡುತ್ತಿದ್ದರು.

ಒಂದು ಮಧ್ಯಾಹ್ನ ಮಂಡೆಕೋಲಿನಿಂದ ಶೀಲಾವತಿ ಎಂಬವರ ಮೆಸೇಜ್ ಬಂತು. "ಅಕ್ಕ, ಕಾಟುಮಾವಿನ ಬಗ್ಗೆ ಹುಡುಕುವಾಗ ನಿಮ್ಮ ಪೋಸ್ಟ್ ಸಿಕ್ಕಿತು. ನಮ್ಮಲ್ಲೊಂದು ಮರ ಉಂಟು. ಪಾರೆಮೂಲೆ ಮಿಡಿ ಅಂತ ನಮ್ಮಜ್ಜ ಹೇಳ್ತಿದ್ರು. ಈ ಪಾರೆಮೂಲೆ ಎಲ್ಲಿ ಅಂತ ನಮಗೆ ಗೊತ್ತೇ ಇರ್ಲಿಲ್ಲ. ನಿಮ್ಮ ಮನೆಯಾ ಅದು?"

ಅಕ್ಕ ಓದಿದರು, ಇನ್ನೊಮ್ಮೆ ಓದಿದರು, ಸೆರಗಿನಲ್ಲಿ ಮುಖ ಒರೆಸಿಕೊಂಡು ಹೌದೆಂದು ಬರೆದು ಮನೆಯ ದಾರಿ ತಿಳಿಸಿದರು.

ಶೀಲಾವತಿ ತಾವೇ ಬಸ್ಸು ಹತ್ತಿ ಬಂದರು, ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು. ಅಜ್ಜಿ ಒಂದು ಎಲೆ ಮುರಿದು ಮೂಗಿಗೆ ಹಿಡಿದರು. ಕಣ್ಣು ತುಂಬಿ ಬಂತು.

"ಅದೇ," ಎಂದರು. "ಅದೇ ಮಗಳೇ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ."

ರಾಜೀವಿಯಕ್ಕನ ಗಂಡ ರಾಧಾಕೃಷ್ಣಣ್ಣ ಅಂದೇ ಮಾವಿನ ಸಸಿಗಳಿಗೆ ಕಸಿ ಕಟ್ಟಿದರು. ಕೆಲವು ಕೊಳೆತು ಹೋದವು. ಒಂದರಲ್ಲಿ ಮಾತ್ರ ಕೆಂಪು ಚಿಗುರು ಮೂಡಿತು. ಅಜ್ಜಿ ಆ ದಿನ ಗಂಜಿಯನ್ನು ಕೇಳಿ ಹಾಕಿಸಿಕೊಂಡರು. ಚಿಗುರಿನ ಫೋಟೋವನ್ನು ಅಕ್ಕ ತಾವೇ ಹಾಕಿದರು, #ಪಾರೆಮೂಲೆಮಿಡಿ ಎಂದು, ಜಾಗ ಬಿಡದೆ. ಅದರ ಕೆಳಗೆ ಅಜ್ಜಾವರದವರೊಬ್ಬರು 'ನಮ್ಮಲ್ಲೂ ಒಂದು ಉಂಟು' ಎಂದು ಬರೆದರು. ಕಡಬದಿಂದ ಇನ್ನೊಬ್ಬರು ತಮ್ಮ ಮರದ ಫೋಟೋವನ್ನೇ ಕಳುಹಿಸಿದರು.

ಅಕ್ಕ ಒಂದೊಂದನ್ನೇ ಅತ್ತೆಗೆ ತೋರಿಸಿದರು. ಅಜ್ಜಿ ಫೋನನ್ನು ಮಡಿಲಲ್ಲಿಟ್ಟುಕೊಂಡು ಆ ಮರಗಳನ್ನು ಬೆರಳಿನಿಂದ ಸವರಿದರು.

"ಒಂದೇ ಉಳಿದದ್ದು ಅಂತ ಅತ್ತೆನಲ್ಲ ರಾಜೀವಿ. ನನ್ನ ಅಮ್ಮ ಎಷ್ಟು ಮನೆಯಲ್ಲಿದ್ದಾಳೆ ನೋಡು."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕೈಯಲ್ಲೂ ಫೋನ್ ಉಂಟು. ಇನ್ನು ಪೋಸ್ಟ್ ಹಾಕುವಾಗ ಊರಿನವರೆಲ್ಲ ಹಾಕಿದ್ದನ್ನು ಕಣ್ಣುಮುಚ್ಚಿ ಹಾಕಬೇಡಿ. ಹುಡುಕುವವರು ಯಾವ ಹೆಸರು ಹಿಡಿದು ಬಂದಾರು ಎಂದು ಒಂದು ಗಳಿಗೆ ಯೋಚಿಸಿ, ಆ ಹೆಸರು, ನಿಮ್ಮ ಊರಿನ ಹೆಸರು, ಅಷ್ಟು ಹಾಕಿ ಸಾಕು. ನಂಬರ್, ಮಕ್ಕಳ ಮುಖ ಮನೆಯೊಳಗೇ ಇರಲಿ. ನಿಮಗೆ ಬೇಕಾದದ್ದನ್ನು ಜೋಪಾನ ಮಾಡಿದವರು ಎಲ್ಲೋ ಇದ್ದಾರೆ, ನೀವು ಯಾರೆಂದು ಅವರಿಗೂ ಗೊತ್ತಿಲ್ಲ. ಅವರಿಗೆ ಸಿಗುವ ಹಾಗೆ ಬರೆಯಿರಿ.