ಹಿಂದಿನ ಸಾಲಿನ ಗುಳಿಗೆ

ಬಿಜ್ಜರಗಿಯಲ್ಲಿ ಕಿರಾಣಿ ಅಂಗಡಿ ನಡೆಸುವ ಗೌರಾಬಾಯಿಗೆ ಬಿಪಿ ಇದೆ. ಅದರ ಜೊತೆಗೆ ಯಾರನ್ನೂ ನಂಬದ ಗುಣವೂ ಇದೆ. ತಿಕೋಟಾ ಕಡೆಯ ಒಂದು ಸಮುದಾಯ ಆರೋಗ್ಯ ಕೇಂದ್ರಕ್ಕೆ ಗುಳಿಗೆಗೆ ಬಂದಾಗಲೆಲ್ಲ ಕಿಟಕಿಯೊಳಗೆ ಕತ್ತು ತೂರಿಸಿ ಕಪಾಟು ನೋಡುತ್ತಾಳೆ.

"ಮುಂದಿಂದು ಬ್ಯಾಡೊ ತಮ್ಮಾ, ಹಿಂದಿಂದು ತಗಿ. ಹಳೇ ಬಿಸ್ಕೀಟ ನಾ ಮುಂದ ಇಡ್ತೇನಲ್ಲಾ, ಹಂಗ ನೀನೂ ಇಟ್ಟಿರ್ತಿ!"

ಅವಳ ಮಾತು ಕೇಳಿ ಪಾಳಿಯಲ್ಲಿ ಸಾಲಾಗಿ ನಿಂತವರೆಲ್ಲ ಹಿಂದಿನದನ್ನೇ ಕೇಳತೊಡಗಿದರು. ಔಷಧ ಕೊಡುವ ಸಿದ್ದರಾಮನಿಗೆ ಫಜೀತಿ. ಬೇಗ ಅವಧಿ ಮುಗಿಯುವ ಗುಳಿಗೆ ಮುಂದಿರಬೇಕು, ಮೊದಲು ಖರ್ಚಾಗಬೇಕು ಎಂಬುದು ನಿಯಮ. ಅವೂ ಇನ್ನೂ ತಿಂಗಳುಗಟ್ಟಲೆ ಬಾಳುವಂಥವೇ. ಆದರೆ ಯಾರೂ ಒಯ್ಯದೆ ಕಪಾಟಿನಲ್ಲೇ ಅವಧಿ ಮುಗಿದರೆ ಎಸೆಯಬೇಕು. ಆಮೇಲೆ ಹೊಸ ಮಾಲು ಬರುವ ತನಕ ಇದೇ ಗೌರಾಬಾಯಿ ಬರಿಗೈಯಲ್ಲಿ ಹೋಗಬೇಕು. ಹೇಳಿ ಹೇಳಿ ಅವನ ಗಂಟಲು ಒಣಗಿತು. ಕೊನೆಗೆ ಹಳೆಯದನ್ನು ಹಿಂದಕ್ಕೂ ಹೊಸದನ್ನು ಮುಂದಕ್ಕೂ ಇಟ್ಟುಬಿಟ್ಟ. "ಹಿಂದಿಂದು" ಎಂದವರಿಗೆಲ್ಲ ಹಳೆಯದೇ ಹೋಯಿತು. ಎಲ್ಲರಿಗೂ ಖುಷಿ.

ಅಷ್ಟರಲ್ಲಿ ವಿಜಯಪುರದಿಂದ ತಪಾಸಣೆಗೆ ಅನುರಾಧಾ ಮೇಡಂ ಬಂದರು. ಕಪಾಟು ನೋಡಿದವರೇ ಸಿಡಿದರು.

"ಹಳೇದೆಲ್ಲಾ ಹಿಂದ ಇಟ್ಟೀರಲ್ರಿ! ಇಷ್ಟೂ ತಿಳಿಯಂಗಿಲ್ಲೇನ್ರಿ ನಿಮಗ?"

ಆ ದನಿ ಗೇಟಿನಾಚೆಯ ಚಹಾದಂಗಡಿಗೂ ಕೇಳಿತು. ಪಾಳಿಯಲ್ಲಿದ್ದ ಗೌರಾಬಾಯಿಗೆ ಕೇಳದಿರುತ್ತದೆಯೇ? ಕೂಗಿ ದಣಿದ ಮೇಡಂ, ಊಟದ ಬಿಡುವಿನಲ್ಲಿ ಎಲ್ಲ ನಿಯಮದಂತೆ ಇಡಬೇಕೆಂದು ಹೊರಗೆ ಕೇಳದಷ್ಟು ಮೆಲ್ಲಗೆ ಹೇಳಿ ಒಳಗೆ ಹೋದರು.

ಸಿದ್ದರಾಮನಿಗೆ ಅಳುವೇ ಬಂತು. ಉಪಾಯವೆಲ್ಲ ಮಣ್ಣುಪಾಲು. ಕಿಟಕಿ ಮುಚ್ಚಿ, ಡಬ್ಬಿಯ ರೊಟ್ಟಿಯನ್ನೂ ಬಿಟ್ಟು, ಹಳೆಯ ಗುಳಿಗೆಗಳನ್ನು ಮತ್ತೆ ಮುಂದಕ್ಕೆ ಜೋಡಿಸಿದ.

ಕಿಟಕಿ ತೆರೆದರೆ ಎದುರಿಗೇ ಗೌರಾಬಾಯಿ.

"ಯಪ್ಪಾ ಸಿದ್ದರಾಮಾ, ಇಷ್ಟ ದಿನ ಹಿಂದಿನ ಹಳೇದು ಕೊಟ್ಟು ನಮ್ಮನ್ನ ಮಂಗ್ಯಾ ಮಾಡಿದಿ, ಹೌದಿಲ್ಲೊ? ಇನ್ನ ನಿನ್ನ ಆಟ ನಡಿಯಂಗಿಲ್ಲ. ಮುಂದಿಂದು ತಗಿ!"

"ನಮಗೂ ಮುಂದಿಂದಾ ಕೊಡ್ರಿ!" ಎಂದು ಪಾಳಿ ಕೂಗಿತು.

ಸಿದ್ದರಾಮ ತಲೆ ತಗ್ಗಿಸಿ, ನಗು ನುಂಗಿಕೊಂಡು, ಮುಂದಿನ ಸಾಲಿನ ಹಳೆಯ ಗುಳಿಗೆಗಳನ್ನು ಒಬ್ಬೊಬ್ಬರಿಗೂ ಕೊಟ್ಟ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮೇಡಂಗೆ ಸಮಾಧಾನವಾಯಿತು.

"ನೋಡ್ರಿ, ನಿಯಮದ ಪ್ರಕಾರ ಇಟ್ರ ಮಂದಿ ತಾವಾಗೇ ಕೇಳಿ ಒಯ್ತಾರ."

"ಖರೇ ಐತ್ರಿ ಮೇಡಂ," ಎಂದ ಸಿದ್ದರಾಮ. "ಆದ್ರ ಆಗಾಗ ಬಂದು ಹಿಂಗ ಜೋರಾಗಿ ಬೈದು ಹೋಗ್ತಿರ್ರಿ."