ಒಂದ ತಲಿ ತಿರುಗಿದ ಹೆಸರು

"ಲಕ್ಷ್ಮೀ...!"

ಬಳ್ಳಾರಿ ಬಸ್‌ಸ್ಟ್ಯಾಂಡಿನ ನಟ್ಟನಡುವ ನಿಂತು ಜಡೆಮ್ಮ ಕೂಗಿದ್ದ ತಡ, ನಲವತ್ತು ಹೆಣ್ಮಕ್ಳು ತಿರುಗಿ ನೋಡಿದ್ರು. ನಲವತ್ತಂದ್ರ ನಲವತ್ತು, ಒಂದು ತಲಿ ಕಮ್ಮಿ ಇಲ್ಲ. ಹೊಸಪೇಟಿ ಬಸ್ಸಿಗೆ ಒಂದು ಕಾಲಿಟ್ಟಾಕಿ ಆ ಕಾಲು ಕೆಳಗ ಇಳಿಸಿ ನೋಡಿದ್ಲು. ಬಾಳೆಹಣ್ಣಿನ ಸಿಪ್ಪಿ ತಿಂತಿದ್ದ ಒಂದು ಎಮ್ಮಿನೂ ಕಿವಿ ನೆಟ್ಟಗ ಮಾಡಿತು.

"ಇದು ಬ್ಯಾಡ," ಅಂದ್ಲು ಜಡೆಮ್ಮ.

ಪಕ್ಕದಾಗ ನಿಂತಿದ್ದ ಆಕಿ ತಮ್ಮ ಯರ್ರಿಸ್ವಾಮಿ ಟವಲ್ಲಿನ್ಯಾಗ ಮುಖ ಮುಚ್ಚಿಕೊಂಡ. "ಅಕ್ಕಾ, ಪೊಲೀಸ್ರು ಬರ್ತಾರ. ನಡಿ ಹೋಗೋಣು."

"ಬರ್ಲಿ ಬಿಡಲೇ. ಅವ್ರ ಹೆಂಡ್ರ ಹೆಸರೂ ಲಕ್ಷ್ಮೀನ ಇರ್ತೈತಿ."

ಯರ್ರಿಸ್ವಾಮಿಗೆ ಮದುವಿಯಾಗಿ ಒಂಬತ್ತು ವರ್ಷಕ್ಕ ಹೆಣ್ಣುಕೂಸು ಹುಟ್ಟಿತ್ತು. ಹೆಂಡ್ತಿ ಅಂಜನಾ ಬಾಣಂತನಕ್ಕ ತವರುಮನಿ ಸಿರುಗುಪ್ಪದಾಗ ಇದ್ಲು. ಬರೋ ಸೋಮವಾರ ಅಲ್ಲೇ ತೊಟ್ಲು ಶಾಸ್ತ್ರ. ತೊಟ್ಲದಾಗ ಹಾಕಿದ ಕೂಸಿನ ಕಿವ್ಯಾಗ ಹೆಸರು ಹೇಳೋ ಹಕ್ಕು ಸ್ವಾದರತ್ತಿದು, ಅಂದ್ರ ತಂದಿಯ ಅಕ್ಕ-ತಂಗೇರದು. ಯರ್ರಿಸ್ವಾಮಿಗೆ ಇದ್ದಾಕಿ ಒಬ್ಬಾಕೇ ಅಕ್ಕ. ಜಡೆಮ್ಮಗ ಇಬ್ಬರು ಗಂಡುಮಕ್ಳು ಅದಾರ ಖರೆ, ಅವಕ್ಕ ಹೆಸರಿಟ್ಟಾಕಿ ಆಕಿ ನಾದಿನಿ. ಹಂಗಾಗಿ ಜಡೆಮ್ಮನ ಜೀವಮಾನದಾಗ ಹೆಸರಿಡಾಕ ಸಿಕ್ಕ ಕೂಸು ಇದೊಂದ.

ಹೆಸರಿನ ಹೊಡೆತ ಏನಂತ ಆಕಿಗೆ ಗೊತ್ತಿತ್ತು. ಕುರುಗೋಡಿನ ಸಾಲ್ಯಾಗ ಮೂರನೇ ಕ್ಲಾಸಿನಾಗ ನಾಕು ಮಂದಿ ಜಡೆಮ್ಮಗಳು. ಓಟದ ಪಂದ್ಯದಾಗ ಈಕಿ ಗಾಳಿಗಿಂತ ಮುಂದ ಓಡಿದ್ಲು, ಗಾಳಿ ಹಿಂದ ಏದುಸಿರು ಬಿಟ್ಕೊಂತ ಬಂತು. ಹೆಡ್‌ಮಾಸ್ಟ್ರು ಬಹುಮಾನದ ಸ್ಟೀಲ್ ತಟ್ಟಿ ಹಿಡಕೊಂಡು "ಜಡೆಮ್ಮ" ಅಂತ ಕರೆದ್ರು. ಮುಂದಿನ ಸಾಲಿನಾಗ ಕುಂತಿದ್ದ ಇನ್ನೊಬ್ಬ ಜಡೆಮ್ಮ ಎದ್ದು ಹೋಗಿ ಇಸಗೊಂಡ್ಲು. ಆ ತಟ್ಟ್ಯಾಗ ಆಕಿ ಇವತ್ತಿಗೂ ಉಣ್ತಾಳ. ಈಗ ಕೌಲ್ ಬಜಾರದಾಗ ಜೀನ್ಸ್ ಪ್ಯಾಂಟು ಹೊಲಿಯೋ ಕಡೆ ಕೆಲಸಕ್ಕ ಬಂದ್ರೂ ಅದೇ ಕಥಿ. ಅಲ್ಲಿ ಝಿಪ್ ಜಡೆಮ್ಮ ಒಬ್ಬಾಕಿ, ಗುಂಡಿ ಜಡೆಮ್ಮ ಒಬ್ಬಾಕಿ, ಈಕಿ ಜೇಬಿನ ಜಡೆಮ್ಮ.

"ನನ್ನ ಸೊಸಿಗೆ ಹಂಗ ಆಗಬಾರ್ದಲೇ," ಅಂದ್ಲು ತಮ್ಮಗ. "ಹೆಸರು ಹಳೇದಿರಬೇಕು, ತೂಕ ಇರಬೇಕು. ಆದ್ರ ಕೂಗಿದ್ರ ಒಂದು ತಲಿ ಸೈತ ತಿರುಗಬಾರ್ದು."

ಹಳೇ ಹೆಸರು ಎಲ್ಲಿ ಸಿಗ್ತಾವು? ಪುಸ್ತಕ ಓದೋರು ಪುಸ್ತಕದಾಗ ಹುಡುಕ್ತಾರ. ಜಡೆಮ್ಮ ಕೌಲ್ ಬಜಾರದ ಹಳೇ ಹಿತ್ತಾಳಿ ಸಾಮಾನಿನ ಅಂಗಡಿಗೆ ಹೋದ್ಲು. ಹಿಂದಿನ ಮಂದಿ ಮಗಳಿಗೆ ಮದುವಿ ಮಾಡಿ ಕೊಡುವಾಗ ಕೊಡ, ತಂಬಿಗಿ, ಪರಾತದ ಮ್ಯಾಲ ಹೆಸರು ಹೊಡಿಸಿ ಕೊಡ್ತಿದ್ರಲ್ಲ, ಆ ಹೆಸರೆಲ್ಲ ಅಲ್ಲಿ ಧೂಳು ತಿನ್ಕೊಂತ ಬಿದ್ದಿದ್ವು. ಒಂದೊಂದ ಎತ್ತಿ, ಸೆರಗಿಲೆ ಒರಸಿ, ಅಕ್ಷರ ಕೂಡಿಸಿ ಓದಿದ್ಲು. ಅಂಗಡಿ ಗುರುಸ್ವಾಮಿಗೆ ತಲಿ ಕೆಟ್ಟು ಹೋತು.

"ಏನ್ ಬೇಕವ್ವಾ ನಿನಗ? ಕೊಡ ತಗೊಂತೀಯೋ, ತಂಬಿಗಿ ತಗೊಂತೀಯೋ?"

"ಹೆಸರು ತಗೊಂತೀನಿ."

"ಪಾತ್ರಿ ಬಿಟ್ಟು ಹೆಸರು ಮಾರಾಂಗಿಲ್ಲ ನಾನು."

ಕಡೀಕ ಮೂಲ್ಯಾಗ ಒಂದು ಸೊಟ್ಟ ತಂಬಿಗಿ ಸಿಕ್ಕಿತು. ಬುಡದಾಗ ನಾಕು ಅಕ್ಷರ. ಜಡೆಮ್ಮ ಒಮ್ಮೆ ಓದಿದ್ಲು, ಮತ್ತೊಮ್ಮೆ ಓದಿದ್ಲು, ಆಮ್ಯಾಲ ಬಾಯ್ಬಿಟ್ಟು ಹೇಳಿ ನೋಡಿದ್ಲು. ಇಂದುಮತಿ. ಬಾಯಾಗ ಬೆಲ್ಲದ ಪಾಕ ಸುತ್ತಿದಂಗಾತು. ಕುರುಗೋಡು ಬಸ್‌ಸ್ಟ್ಯಾಂಡಿನ್ಯಾಗ ಕೂಗಿದ್ಲು, ಯಾರೂ ತಿರುಗಲಿಲ್ಲ. ಬಳ್ಳಾರಿ ಬಸ್‌ಸ್ಟ್ಯಾಂಡಿನ್ಯಾಗ ಕೂಗಿದ್ಲು, ಕಂಡಕ್ಟರು "ಆ ಊರಿಗೆ ಬಸ್ಸಿಲ್ಲಮ್ಮ" ಅಂದ. ಉಳಿದದ್ದು ಬಳ್ಳಾರಿ ಪ್ಯಾಟಿ ಬ್ರೂಸ್‌ಪೇಟಿ ಒಂದ. ಶನಿವಾರ ಸಂತಿಹೊತ್ತಿಗೆ ತಮ್ಮನ್ನೂ ಎಳಕೊಂಡು ಹೋಗಿ, ಅಲ್ಲಿ ಗದ್ದಲದಾಗ ನಿಂತು ಎದಿ ತುಂಬ ಉಸಿರು ಎಳಕೊಂಡು ಕೂಗಿದ್ಲು.

"ಇಂದುಮತೀ...!"

ಸಾವಿರ ಮಂದಿ ತಮ್ಮಷ್ಟಕ್ಕ ತಾವು ಹೊಂಟಿದ್ರು. ಸೊಪ್ಪಿನ ಅಂಗಡಿ ಮುಂದ ಬಗ್ಗಿದ್ದ ಒಬ್ಬ ಮುದುಕಿ ಮಾತ್ರ ಮೆಂತ್ಯಸೊಪ್ಪಿನ ಕಟ್ಟು ಕೆಳಗಿಟ್ಟು, ಸೊಂಟ ನೆಟ್ಟಗ ಮಾಡಿ, ನಿಧಾನಕ ತಿರುಗಿದ್ಲು. ಒಂಬತ್ತು ಗಜದ ಸೀರಿ, ದಪ್ಪ ಗಾಜಿನ ಕನ್ನಡಕ. ಆಸ್ಥಾನದಾಗ ಯಾರೋ ಬಂದು ಹೆಸರು ಹೇಳಿದಾಗ ರಾಣಿ ತಿರುಗ್ತಾಳಲ್ಲ, ಹಂಗ.

"ಯಾರು ನನ್ನ ಕರೆದದ್ದು?"

ಜಡೆಮ್ಮ ಹತ್ರ ಹೋಗಿ, ಕೂಸಿನ ಸಲುವಾಗಿ ಹೆಸರು ಕೂಗಿ ನೋಡಾಕ ಹತ್ತಿದ್ದು ಎಲ್ಲಾ ಹೇಳಿದ್ಲು.

"ತಪ್ಪಾತ್ರಿ ಬಾಯಾರ. ನಿಮ್ಮ ಹೆಸರಂತ ಗೊತ್ತಿರಲಿಲ್ಲ. ಬ್ಯಾರೇದು ಹುಡುಕ್ತೀನಿ. ಆ ತಂಬಿಗಿ ನಿಮ್ದಾ?"

"ನಮ್ಮಪ್ಪನ ಮನ್ಯಾಗ ಹಿತ್ತಾಳಿಗೆ ಎಲ್ಲೀ ಗತಿ? ನಮ್ದು ಎಲ್ಲಾ ಅಲ್ಯುಮಿನಿಯಂ," ಅಂತ ಮುದುಕಿ ನಕ್ಕಳು. "ಈಗ ನನ್ನ ಹೆಸರು ವಿಜಯಾಬಾಯಿ. ಲಗ್ನದಾಗ ಅಕ್ಕಿಮ್ಯಾಲೆ ಉಂಗುರಲೆ ವಿಜಯಾ ಅಂತ ಬರೆದ್ರು. ಗಂಡನ ಮನಿ ಪದ್ಧತಿ. ಮೂವತ್ತು ವರ್ಷ ಪೋಸ್ಟಾಫೀಸಿನ್ಯಾಗ ನೌಕರಿ ಮಾಡಿದೆ, ಎಲ್ಲಾರೂ ವಿಜಯಾಬಾಯಿ ಅಂತನ ಕರೆದ್ರು. ನಮ್ಮಪ್ಪ ಹೋದಮ್ಯಾಲೆ ಆ ಹೆಸರು ಯಾರ ಬಾಯಾಗೂ ಕೇಳಿಲ್ಲ ನೋಡು."

"ಮತ್ತ ಇಷ್ಟು ವರ್ಷ ಆದ್ರೂ ತಿರುಗಿದ್ರಲ್ಲ?"

"ನನ್ನ ಕರೆದ್ರೆ ನಾ ತಿರುಗಬ್ಯಾಡೇನು?" ವಿಜಯಾಬಾಯಿ ಸೊಪ್ಪಿನ ಕಟ್ಟು ಎತ್ತಿ ಚೀಲಕ್ಕ ಹಾಕಿದ್ಲು. "ಇಡವಾ ನೀನು. ನಾ ಏನು ಅದನ್ನ ಪೆಟ್ಟಿಗ್ಯಾಗ ಕೀಲಿ ಹಾಕಿ ಇಟ್ಟಿಲ್ಲ. ಆದ್ರೆ ಇಂದೂ ಇಂದೂ ಅಂತ ಅರ್ಧಕ್ಕ ಕತ್ತರಿಸಬ್ಯಾಡ್ರಿ. ನಮ್ಮಪ್ಪ ಪೂರ್ತಿ ಕರೀತಿದ್ದ."

ಆಕಿ ಹೋದಮ್ಯಾಲ ಯರ್ರಿಸ್ವಾಮಿ ಕಿಸಕ್ಕಂತ ನಕ್ಕ. "ಒಂದು ತಲಿ ತಿರುಗಿತು. ನಿನ್ನ ಲೆಕ್ಕದಾಗ ಫೇಲಾತು ಹೆಸರು."

ಜಡೆಮ್ಮ ಆ ಒಂಬತ್ತು ಗಜದ ಸೀರಿ ಗದ್ದಲದಾಗ ಕಾಣದಂಗ ಆಗೋತನಕ ನೋಡಿಕೊಂತ ನಿಂತ್ಲು. "ಹೆಂಗ ತಿರುಗಿದ್ಲು ನೋಡಿದ್ಯಾ?" ಅಂದ್ಲು.

ಸೋಮವಾರ ಸಿರುಗುಪ್ಪದಾಗ ಬೀಗರ ಮನಿ ಮುಂದ ಬಂದು ಇಳದ್ರ, ಬಾಗಿಲ ಮ್ಯಾಲ ಆಳೆತ್ತರದ ಫ್ಲೆಕ್ಸು. ಕೂಸಿನ ಫೋಟೋ, ಸುತ್ತ ಗುಲಾಬಿ ಹೂವು, ನಡುವ ದಪ್ಪ ಅಕ್ಷರದಾಗ ರಿಯಾನ್ಷಿ. ಜಡೆಮ್ಮ ಮೆಟ್ಟಿಲ ಮ್ಯಾಲ ನಿಂತಬಿಟ್ಲು.

ಅಂಜನಾನ ತಾಯಿ ಚನ್ನಬಸಮ್ಮ ಆರತಿ ತಟ್ಟಿ ಹಿಡಕೊಂಡು ಬಂದ್ಲು. "ಬರ್ರಿ ಜಡೆಮ್ಮಾರ. ಹೆಸರಿಂದು ಏನ್ ಚಿಂತಿ ಮಾಡಬ್ಯಾಡ್ರಿ, ಫೋನಿನ್ಯಾಗ ನೋಡಿ ತಗದೀವಿ. ಎಲ್ಲೂ ಇಲ್ಲದ್ದು. ನೀವು ಕಿವ್ಯಾಗ ಅದನ್ನ ಊದಿದ್ರ ಮುಗೀತು."

"ಹೆಸರು ಮೊದಲ ಕಿವಿಗೆ ಹೋಗಿ ಆಮ್ಯಾಲ ಗ್ವಾಡಿಗೆ ಬರ್ತೈತ್ರಿ ಬೀಗರ. ಗ್ವಾಡಿಯಿಂದ ಕಿವಿಗೆ ಬರಂಗಿಲ್ಲ."

ಯರ್ರಿಸ್ವಾಮಿ ಅಕ್ಕನ ಮೊಣಕೈ ಹಿಡಕೊಂಡ. "ಅಕ್ಕಾ, ಫ್ಲೆಕ್ಸಿಗೆ ರೊಕ್ಕ ಸುರುವ್ಯಾರ. ಸುಮ್ನಿರ."

ಶಾಸ್ತ್ರಕ್ಕ ಬಂದಿದ್ದ ಹೆಣ್ಮಕ್ಳೆಲ್ಲ ಒಳಗಿಂದ ಇಣುಕಿ ನೋಡಿದ್ರು. ಚನ್ನಬಸಮ್ಮನ ಮುಖ ಕೆಂಪಾತು. "ನಮ್ಮ ಹೆಸರಿಗೆ ಏನಾಗೇತ್ರಿ? ಸಿರುಗುಪ್ಪದಾಗ ಇಂಥಾ ಹೆಸರು ಇನ್ನೊಂದು ತೋರಸ್ರಿ ನೋಡೋಣು!"

ಜಡೆಮ್ಮ ಕಟ್ಟಿ ಮ್ಯಾಲ ಹೋಗಿ ನಿಂತು, ಓಣಿ ಕಡೆ ಮುಖ ಮಾಡಿ ಒಂದ ಸರ್ತಿ ಕೂಗಿದ್ಲು. "ರಿಯಾನ್ಷೀ...!"

ಎದುರುಮನಿ ಮಾಳಿಗಿ ಮ್ಯಾಲಿಂದ ಒಬ್ಬಾಕಿ ಬಗ್ಗಿ, "ಏನ್ರೀ, ನಮ್ಮ ರಿಯಾನ್ಷಿ ಏನ್ ಮಾಡಿದ್ಲು?" ಅಂದ್ಲು. ನಳದ ಹತ್ರ ಬಿಂದಿಗಿ ತುಂಬಸ್ತಿದ್ದ ಇನ್ನೊಬ್ಬಾಕಿ, "ನಮ್ಮದಿನ್ನೂ ಸಾಲಿಯಿಂದ ಬಂದಿಲ್ರೀ!" ಅಂತ ಒದರಿದ್ಲು. ಸೈಕಲ್ ಮ್ಯಾಲ ಹೊಂಟಿದ್ದ ಒಂದು ಹುಡುಗಿ ಗಕ್ಕನ ಬ್ರೇಕ್ ಹಾಕಿ, "ಆಂಟೀ, ನನ್ನ ಕರೆದ್ರಾ?" ಅಂತು.

ಒಳಗ ಹೆಣ್ಮಕ್ಳು ಸೆರಗು ಬಾಯಿಗೆ ಒತ್ತಿಕೊಂಡ್ರು. ಚನ್ನಬಸಮ್ಮ ಆರತಿ ತಟ್ಟಿ ಕೆಳಗಿಟ್ಟು ಕುಂತಬಿಟ್ಲು. "ಆ ಫೋನಿಗೆ ಬೆಂಕಿ ಹಾಕ," ಅಂದ್ಲು. ಆಮ್ಯಾಲ ಸಣ್ಣ ದನಿಯಾಗ, "ನಿಮ್ಮದು ಯಾವುದ್ರಿ ಮತ್ತ? ಅದಾದ್ರೂ ಯಾರಿಗೂ ಇಲ್ಲೇನು?" ಅಂತ ಕೇಳಿದ್ಲು.

ಇಲ್ಲ ಅಂದಿದ್ರ ಅಲ್ಲಿಗೇ ಮುಗೀತಿತ್ತು. ನಲವತ್ತು ತಲಿ ಎಣಿಸಿದ ಬಾಯಿಗೆ ಅದೊಂದು ಸುಳ್ಳು ಬರಲಿಲ್ಲ.

"ಒಬ್ಬಾಕಿಗೆ ಐತ್ರಿ, ಬಳ್ಳಾರ್ಯಾಗ. ಪೋಸ್ಟಾಫೀಸಿನ್ಯಾಗ ಮೂವತ್ತು ವರ್ಷ ದುಡದಾಕಿ. ನಾ ಕೂಗಿದಾಗ ಇಡೀ ಬ್ರೂಸ್‌ಪೇಟಿಯಾಗ ಆಕಿ ಒಬ್ಬಾಕಿ ತಿರುಗಿದ್ಲು. ನಮ್ಮಂಗ ಕೋಳಿ ತಿರುಗಿದಂಗ ಅಲ್ಲ, ಎದ್ದು ನಿಂತು, ಯಾರು ನನ್ನ ಕರೆದದ್ದು ಅಂತ ಕೇಳಿದ್ಲು. ನನ್ನ ಸೊಸಿನೂ ಹಂಗ ತಿರುಗಲಿ ಅಂತ ಆಸಿ. ಬ್ಯಾಡ ಅಂದ್ರ ಬ್ಯಾಡ್ರಿ."

ಬಾಣಂತಿ ಅಂಜನಾ ಇಷ್ಟೊತ್ತೂ ಮಂಚದ ಮ್ಯಾಲ ಕೂಸು ತೊಡಿ ಮ್ಯಾಲ ಇಟ್ಕೊಂಡು ಸುಮ್ನ ಕುಂತಿದ್ಲು. ಈಗ ತಾಯಿ ಮುಖಾನೂ ನೋಡಲಿಲ್ಲ, ಗಂಡನ ಮುಖಾನೂ ನೋಡಲಿಲ್ಲ. ಕೂಸನ್ನ ಎತ್ತಿಕೊಂಡು ಹೊರಗ ಬಂದು ಜಡೆಮ್ಮನ ಕೈಯಾಗ ಕೊಟ್ಲು.

"ಹೆಸರು ಹೇಳ್ರಿ ಅಕ್ಕಾರ. ಮೊದಲ ಈ ಕೂಸಿನ ಕಿವಿಗೆ ಹೇಳ್ರಿ. ನಮಗೆಲ್ಲ ಆಮ್ಯಾಲ."

ಗುಂಡುಕಲ್ಲಿಗೆ ಕುಂಚಿಗಿ ಕಟ್ಟಿ ಮೊದಲ ತೊಟ್ಲದಾಗ ಮಲಗಿಸಿದ್ರು. ಆಮ್ಯಾಲ ಕೂಸನ್ನ ತೊಟ್ಲದ ಕೆಳಗೊಮ್ಮೆ ಮ್ಯಾಲೊಮ್ಮೆ ದಾಟಿಸಿ ಒಳಗ ಹಾಕಿದ್ರು. ಜಡೆಮ್ಮ ಬಗ್ಗಿ, ಆ ಹುಣಸಿ ಚಿಗುರಿನಂಥ ಕಿವಿಗೆ ಬಾಯಿ ಹಚ್ಚಿ, "ಕುರ್ರ್..." ಅಂದು ಹೆಸರು ಹೇಳಿದ್ಲು, ಆಮ್ಯಾಲ ಎಲ್ಲಾರಿಗೂ ಕೇಳೋಹಂಗ ಇನ್ನೊಮ್ಮೆ ಹೇಳಿದ್ಲು. ಹೇಳಿದ್ದ ತಡ, ಸುತ್ತ ನಿಂತ ಹೆಣ್ಮಕ್ಳು ಸ್ವಾದರತ್ತಿ ಬೆನ್ನಿಗೆ ಗುದ್ದಾಕ ಹತ್ತಿದ್ರು. ಅದೂ ಶಾಸ್ತ್ರಾನ. ಆದ್ರ ಶಾಸ್ತ್ರಕ್ಕ ಒಂದು ಎರಡು ಗುದ್ತಾರ, ಇಲ್ಲಿ ಹಪ್ಪಳದ ಹಿಟ್ಟು ಕುಟ್ಟಿದಂಗ ಕುಟ್ಟಿದ್ರು. ಎಲ್ಲಾರಿಗಿಂತ ಜೋರು ಗುದ್ದಿದಾಕಿ ಚನ್ನಬಸಮ್ಮ. ಒಂದೊಂದು ಗುದ್ದಿಗೂ ಒಂದೊಂದು ಸರ್ತಿ "ಇಂದುಮತಿ! ಇಂದುಮತಿ!" ಅಂತ ಪೂರ್ತಿ ಅಂತಿದ್ಲು, ಒಂದು ಅಕ್ಷರ ಬಿಡದಂಗ.

ಸಂಜಿ ಬಸ್ಸಿನ್ಯಾಗ ಜಡೆಮ್ಮಗ ಕಿಟಕಿ ಪಕ್ಕ ಸೀಟು ಸಿಕ್ಕಿತು. ಎರಡೂ ಕಡೆ ನೆಲ್ಲಿನ ಗದ್ದಿ ಹಸುರಾಗಿ ಹೊಂಟಿದ್ವು. ಬೆನ್ನು ಸೀಟಿಗೆ ತಾಕಿದ್ರ ಚುರ್ ಅಂತಿತ್ತು. ಮಡಿಲಾಗ ಉಡಿಯಕ್ಕಿ ಗಂಟು ಹಿಡಕೊಂಡು ನೆಟ್ಟಗ ಕುಂತ್ಲು.

"ಒರಗಿಕೊಳ್ಳಕ್ಕಾ, ಊರು ಇನ್ನೂ ದೂರ ಐತಿ," ಅಂದ ಯರ್ರಿಸ್ವಾಮಿ.

"ಇರ್ಲಿ ಬಿಡಲೇ," ಅಂದ್ಲು.

ತೆಕ್ಕಲಕೋಟಿ ಬಂತು, ಹೋತು. ಮುಂದಿನವ್ರು, ಹಿಂದಿನವ್ರು ಎಲ್ಲಾ ತೂಕಡಿಸಿ ಒಬ್ಬರ ಮ್ಯಾಲ ಒಬ್ಬರು ಬಿದ್ದಿದ್ರು. ಇಡೀ ಬಸ್ಸಿನ್ಯಾಗ ಒಂದು ತಲಿ ಮಾತ್ರ ನೆಟ್ಟಗ ಇತ್ತು.